ಸುಕ್ಕು ಮೇಷ್ಟ್ರ ಮೆತ್ತೆ

ನನ್ನ ಗಂಡನ ಅಣ್ಣನನ್ನು ನಮ್ಮ ಬೀದಿಯಲ್ಲಿ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಸುಕ್ಕು ಮೇಷ್ಟ್ರು. ಅವರು ಯಾರಿಗೂ ಪಾಠ ಹೇಳಿದವರಲ್ಲ, ಶಾಲೆಯ ಮೆಟ್ಟಿಲು ಹತ್ತಿದ್ದೂ ಅಷ್ಟಕ್ಕಷ್ಟೇ. ಕಾರಿನ ಸೀಟುಗಳಿಗೆ ಕವರು ಹೊಲಿಯುವುದು ಅವರ ಕಸುಬು. ದಾರಿಯಲ್ಲಿ ನಿಂತ ಯಾರದೇ ಕಾರಿರಲಿ, ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಅಂಗೈ ಆಡಿಸಿ, ಇಲ್ಲೊಂದು ಸುಕ್ಕಿದೆ ನೋಡಿ ಎಂದು ತೋರಿಸದೆ ಮುಂದೆ ಹೋಗುತ್ತಿರಲಿಲ್ಲ. ಕೇಳದವರಿಗೂ ಹೀಗೆ ಹೇಳಿ ಹೇಳಿಯೇ ಮೇಷ್ಟ್ರಾದರು. ನನಗೆ ಅವರು ಭಾವ. ನನಗೆ ಹೊಲಿಗೆ ಬರುತ್ತದೆಂದು ಗೊತ್ತಾದ ವಾರದಲ್ಲೇ ಅಂಗಡಿಯ ಎರಡನೇ ಮೆಷಿನ್ನಿನ ಮುಂದೆ ಕೂರಿಸಿದರು, ಇವತ್ತಿಗೂ ಅಲ್ಲೇ ಇದ್ದೇನೆ. ಅವರ ವಿಷಯ ನನ್ನಷ್ಟು ಬಲ್ಲವರಿಲ್ಲ. ಬೀದಿಯವರು ಆಡಿಕೊಳ್ಳುವುದರಲ್ಲಿ ಅರ್ಧ ಊಹೆ, ಇನ್ನರ್ಧ ಬಾಯಿಚಪಲ.

ಗುರುತು ಎಂದರೆ ಭಾವನಿಗೆ ಆಗದು. ಮನೆಯ ಕುರ್ಚಿಗಳಿಗೆ ಕವರು, ಕವರಿನ ಮೇಲೆ ಟವೆಲು, ಅಷ್ಟೆಲ್ಲ ಮಾಡಿ ತಾವು ಮಾತ್ರ ನೆಲದ ಮೇಲೆ ಕೂತು ಊಟ ಮಾಡುವುದು. ಟಿವಿ ರಿಮೋಟಿಗೂ ಒಂದು ಕವರು ಹೊಲಿದಿದ್ದರು. ಅದರೊಳಗೆ ಬಟನ್ನುಗಳೇ ಕಾಣದೆ ನನ್ನ ಗಂಡ ಧ್ವನಿ ಏರಿಸಲು ಹೋಗಿ ಚಾನೆಲ್ ಬದಲಿಸಿ ಬೈಸಿಕೊಳ್ಳುತ್ತಿದ್ದರು. ನೆಂಟರು ಎದ್ದು ಹೋದ ಮೇಲೆ ಅವರು ಕೂತಿದ್ದ ಜಾಗವನ್ನು ಭಾವ ತಟ್ಟಿ ತಟ್ಟಿ ಸಮ ಮಾಡುತ್ತಿದ್ದರು. ಅವರು ಬಂದಿದ್ದರು ಅನ್ನುವುದಕ್ಕೂ ನೀವು ಸಾಕ್ಷಿ ಉಳಿಸುವುದಿಲ್ಲವಲ್ಲ ಭಾವ ಎಂದು ನಾನು ಕಿಚಾಯಿಸುತ್ತಿದ್ದೆ. ಅವರು ನಕ್ಕು ಇನ್ನೊಮ್ಮೆ ತಟ್ಟುತ್ತಿದ್ದರು.

ಅಂಗಡಿ ಉದ್ದಕ್ಕಿದೆ, ಅಗಲ ಇಲ್ಲ. ಮುಂದೆ ಎರಡು ಮೆಷಿನ್ನು, ನಡುವೆ ಕತ್ತರಿಸುವ ದೊಡ್ಡ ಮೇಜು, ಹಿಂದೆ ರೆಕ್ಸಿನ್ ಸುರುಳಿಗಳು, ಫೋಮಿನ ಹಾಳೆಗಳು. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಎಡಗೋಡೆಗೆ ಹಳೆಯ ಕಾರೊಂದರ ಹಿಂದಿನ ಸೀಟನ್ನು ಬೆಲ್ಟು ಸಮೇತ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದೇವೆ. ಹೊಲಿದ ಕವರನ್ನು ಮೊದಲು ಅದರ ಮೇಲೆ ಹಾಕಿ ನೋಡುವುದು ವಾಡಿಕೆ. ಭಾವನ ಹೆಂಡತಿ, ನನ್ನ ಓರಗಿತ್ತಿ, ಜ್ವರ ಬಂದು ಹೋಗಿಬಿಟ್ಟಾಗ ಅವರ ಮಗಳಿನ್ನೂ ನಡೆಯುತ್ತಿರಲಿಲ್ಲ. ಆ ಮಗು ಬೆಳೆದದ್ದು ಈ ಕತ್ತರಿಸುವ ಮೇಜಿನ ಕೆಳಗೆ, ಫೋಮಿನ ಚೂರುಗಳ ರಾಶಿಯ ಮೇಲೆ. ಭಾವ ಒಂದು ಕಾಲಲ್ಲಿ ಮೆಷಿನ್ನು ತುಳಿಯುತ್ತ ಇನ್ನೊಂದು ಕಾಲಲ್ಲಿ ಮಗುವಿನ ಬೆನ್ನು ತಟ್ಟುತ್ತಿದ್ದರಂತೆ. ನಾನು ಆ ಮನೆಗೆ ಬರುವ ಹೊತ್ತಿಗೆ ಹುಡುಗಿ ಶಾಲೆಗೆ ಹೋಗುತ್ತಿದ್ದಳು. ಚಿಕ್ಕಮ್ಮ ಎಂದು ಕರೆದು ನನ್ನ ಮಡಿಲಿಗೇ ಬಂದು ಬಿದ್ದವಳು. ಅಪ್ಪನ ಮಾತೆಂದರೆ ಅವಳಿಗೆ ಅದರ ಮೇಲೆ ಮಾತಿಲ್ಲ.

ಅವಳ ಮದುವೆಯಾಯಿತು. ಅಳಿಯ ಔಷಧದ ಕಂಪನಿಯೊಂದರಲ್ಲಿ ಮ್ಯಾನೇಜರು, ಒಳ್ಳೆಯವನೇ. ಆದರೆ ವಸ್ತುಗಳ ವಿಷಯದಲ್ಲಿ ನಮ್ಮ ಭಾವನಿಗೆ ತಕ್ಕ ಜೋಡಿ. ಕಾರು ಹತ್ತುವ ಮೊದಲು ಚಪ್ಪಲಿಯ ಧೂಳು ಕೊಡವಬೇಕು, ಒಳಗೆ ಕೂತು ಏನೂ ತಿನ್ನಬಾರದು. ಕಾರಿನ ಸೀಟುಗಳೋ ಹಾಲಿನ ಕೆನೆಯ ಬಣ್ಣದವು. ಮಾವ ಅಳಿಯ ಇಬ್ಬರೂ ಒಟ್ಟಿಗೆ ಕೂತು ಕಲೆ ತೆಗೆಯುವುದು ಹೇಗೆ ಎಂದು ಮಾತಿಗಿಳಿದರೆ ನಾವು ಹೆಂಗಸರು ಎದ್ದು ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಮೊಮ್ಮಗಳು ಹುಟ್ಟಿದಳು. ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆದದ್ದು, ನಾನೂ ಅಷ್ಟನ್ನೇ ಹೇಳುತ್ತೇನೆ. ಅವಳು ಕೂರಲು ಕಲಿತ ಮೇಲೆ ಕಾರಿನಲ್ಲಿ ಅವಳಿಗೆಂದು, ಅಡಿಯಲ್ಲಿ ನಾಲ್ಕು ಗಿಡ್ಡ ಕಾಲಿರುವ, ಪ್ಲಾಸ್ಟಿಕ್ಕಿನ ಗಟ್ಟಿ ಸೀಟು ತಂದರು. ದೊಡ್ಡ ಸೀಟಿನ ಮೇಲೆ ಅದನ್ನಿಟ್ಟು ಕಾರಿನ ಬೆಲ್ಟಿನಿಂದ ಬಿಗಿದು ಮಗುವನ್ನು ಅದರಲ್ಲಿ ಕೂರಿಸಿ ಕಟ್ಟುವುದು. ಕೆಲವೇ ದಿನಗಳಲ್ಲಿ ಅಳಿಯ ಗಂಟುಮುಖ ಹಾಕಿಕೊಂಡು ಅಂಗಡಿಗೆ ಬಂದ. ಮಗುವಿನ ಸೀಟು ಎತ್ತಿ ತೋರಿಸಿದ. ಕೆನೆ ಬಣ್ಣದ ಸೀಟಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಗುಳಿ, ಬೆಲ್ಟು ಹಾಯ್ದ ಕಡೆ ತೀಡಿದ ಗೆರೆ, ಹೊಲಿಗೆಯ ಸಂದಿನಲ್ಲಿ ಬಿಸ್ಕತ್ತಿನ ಪುಡಿ, ಚೆಲ್ಲಿದ ಹಾಲಿನ ಕರೆ. ಭಾವ ನೋಡಿ, ಯಾರಿಗೋ ಪೆಟ್ಟಾಗಿದೆ ಅನ್ನುವ ಹಾಗೆ ಲೊಚಗುಟ್ಟಿದರು.

ಆಮೇಲೆ ಅವರಿಗೆ ಅದೇ ಧ್ಯಾನ. ಮೊದಲು ಬರೀ ಬಟ್ಟೆ ಹಾಸಿ ನೋಡಿದರು, ಗುಳಿ ನಿಲ್ಲಲಿಲ್ಲ. ಕೊನೆಗೆ ಮೆತ್ತನೆಯ ದಪ್ಪ ಫೋಮು ಎರಡು ಪದರ ಅಂಟಿಸಿ, ಮೇಲೆ ನುಣುಪಾದ ರೆಕ್ಸಿನ್ ಹೊದಿಸಿ, ಪುಡಿ ಕೆಳಗೆ ಜಾರದಂತೆ ಸುತ್ತ ಅಂಚು ಎಬ್ಬಿಸಿ ಒಂದು ಮೆತ್ತೆ ಮಾಡಿದರು. ಅಂಚು ಹೊಲಿದವಳು ನಾನೇ. ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಕಾರಿನಲ್ಲಿಡುವ ಬದಲು ತಲೆಗೆ ಇಟ್ಟುಕೊಂಡು ಮಲಗೋಣ ಅನಿಸುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಹಾಲೂ ಇಲ್ಲ, ಬಿಸ್ಕತ್ತೂ ಇಲ್ಲ. ಎತ್ತಿ ನೋಡಿದರೆ ಕೆಳಗಿನ ಸೀಟು ಅಂಗಡಿಯಿಂದ ಆಗ ತಾನೇ ತಂದ ಹಾಗೆ. ಅಳಿಯನ ಮುಖ ಅರಳಿತು. ಆಫೀಸಿನವರಿಗೆಲ್ಲ ತೋರಿಸಿದ, ಅವರೂ ಮಾಡಿಸಿಕೊಂಡರು, ಅವರನ್ನು ನೋಡಿ ಇನ್ನಷ್ಟು ಜನ ಬಂದರು. ಮೇಷ್ಟ್ರ ಮೆತ್ತೆ ಎಂದೇ ಅದಕ್ಕೆ ಹೆಸರು ಬಿತ್ತು. ಭಾವ ಜೀವಮಾನದಲ್ಲಿ ಮೊದಲ ಸಲ ಅಂಗಡಿಯ ಬಾಗಿಲಲ್ಲಿ ನಿಂತು ಬೀದಿಯ ಕಡೆ ನೋಡುವುದನ್ನು ಕಲಿತರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮಗಳು, ಅಳಿಯ, ಪುಟ್ಟಿ ಮೂವರೂ ಅಂಗಡಿಗೆ ಬಂದಿದ್ದರು. ಪುಟ್ಟಿ ಮೇಜಿನ ಕೆಳಗೆ ನುಗ್ಗಿ ದಾರದ ಉಂಡೆ ಬಿಚ್ಚುತ್ತಿದ್ದಳು. ಮಗಳು ಸಹಜವಾಗಿ, ಬೇರೇನೋ ಮಾತಿನ ನಡುವೆ, ಮಗುವಿನ ಸೀಟು ಯಾಕೋ ಸ್ವಲ್ಪ ಅಲ್ಲಾಡುತ್ತದಪ್ಪ, ಮನೆ ಬಿಡುವಾಗ ಸರಿ ಇರುತ್ತದೆ, ತಲುಪುವ ಹೊತ್ತಿಗೆ ಬೆಲ್ಟು ಸಡಿಲವಾಗಿರುತ್ತದೆ ಎಂದಳು. ಭಾವ ಕತ್ತರಿಸುತ್ತಿದ್ದ ರೆಕ್ಸಿನ್ನಿನಿಂದ ತಲೆ ಎತ್ತಲಿಲ್ಲ.

"ನೀನು ಸರಿಯಾಗಿ ಎಳೆಯಲ್ಲ. ಗಟ್ಟಿಯಾಗಿ ಎಳಿ," ಅಂದರು.

ಅಳಿಯ ನಕ್ಕು, ಅವಳಿಗೆ ಯಾವಾಗಲೂ ಆತುರ ಮಾವ ಎಂದ. ಅವಳೂ ನಕ್ಕಳು. ನಾನೂ ನಕ್ಕೆ ಅಂತ ಕಾಣುತ್ತದೆ. ಅಷ್ಟು ಹಗುರವಾಗಿ ಆಡಿದ ಮಾತು ಅದು.

ಅಪಘಾತ ಆದದ್ದು ಕೆಲವು ತಿಂಗಳ ಮೇಲೆ, ಒಂದು ಬೆಳಗ್ಗೆ. ಪುಟ್ಟಿಯನ್ನು ಶಿಶುವಿಹಾರಕ್ಕೆ ಬಿಡಲು ಮಗಳೇ ಕಾರು ಓಡಿಸುತ್ತಿದ್ದಳು. ಪಕ್ಕದ ರಸ್ತೆಯಿಂದ ಲಾರಿಯೊಂದು ಹಿಮ್ಮುಖವಾಗಿ ಬಂತು. ತಪ್ಪಿಸಲು ಹೋಗಿ ಕಾರು ರಸ್ತೆಯ ನಡುವಿನ ಕಟ್ಟೆಗೆ ಹೊಡೆಯಿತು. ವೇಗ ಏನೂ ಇರಲಿಲ್ಲ. ಮಗಳ ಮಣಿಕಟ್ಟು ಉಳುಕಿತು, ಹಣೆ ತರಚಿತು, ಅಷ್ಟೇ. ಹಿಂದೆ ಮಗುವಿನ ಸೀಟು ಮಗುವಿನ ಸಮೇತ ಮುಂದಕ್ಕೆ ಜಾರಿ ವಾಲಿತ್ತು. ಪುಟ್ಟಿಯ ತಲೆ ಮುಂದಿನ ಸೀಟಿನ ಚೌಕಟ್ಟಿಗೆ ಬಡಿದಿತ್ತು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಜೀವ ಹಿಡಿದುಕೊಂಡಿದ್ದಳು. ಆಮೇಲೆ ಇಲ್ಲ.

ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಯಲ್ಲಾಗದು.

ಮಗುವನ್ನು ಕಾರಿನಿಂದ ಎತ್ತಿದವನು ಅಲ್ಲೇ ಹಣ್ಣು ಮಾರುವವನು. ಪಾಪ, ಆಸ್ಪತ್ರೆಯ ತನಕ ಬಂದಿದ್ದ. ಕೇಳಿದವರಿಗೆಲ್ಲ ಕಂಡದ್ದನ್ನು ಕಂಡ ಹಾಗೆ ಹೇಳಿದ, ಸೀಟು ಸಡಿಲವಾಗಿ ಅಲ್ಲಾಡುತ್ತಿತ್ತು ಅಂತ. ಆ ಒಂದು ಮಾತು ಅಳಿಯನ ಮನೆಯವರ ಬಾಯಿಗೆ ಸಿಕ್ಕಿತು. ತಾಯಿಯಾದವಳು ನೆಟ್ಟಗೆ ಕಟ್ಟಬಾರದಿತ್ತೆ ಎಂದು ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಮುಂದುವರಿಸಿದರು, ಅದೂ ಅವಳಿಗೆ ಕೇಳಿಸುವಂತೆ. ಹೆತ್ತ ಹೊಟ್ಟೆಗೆ ಬೆಂಕಿ ಬಿದ್ದಿರುವಾಗ ಊದಲು ನಿಂತವರು ಇವರು. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಯೋಚನೆಯೂ ಇಲ್ಲ. ಅಳಿಯ ಏನೂ ಅನ್ನಲಿಲ್ಲ. ಒಂದೇ ಒಂದು ಸಲ, ಅದೂ ಅಳುತ್ತಲೇ, "ಅವತ್ತೇ ಮಾವ ಹೇಳಿದ್ರಲ್ಲ, ಗಟ್ಟಿಯಾಗಿ ಎಳಿ ಅಂತ," ಎಂದ. ಆಮೇಲೆ ಹೆಂಡತಿಯ ಮುಖ ನೋಡುವುದನ್ನು ಬಿಟ್ಟ.

ಅವಳು ಯಾರಿಗೂ ಎದುರಾಡಲಿಲ್ಲ. ತಾನೇ ಕೊಂದೆ ಎಂದು ಅವಳೂ ನಂಬಿದ್ದಳು. ನಾನು ಅವಳ ಜೊತೆ ಹೋಗಿ ಇದ್ದ ದಿನಗಳಲ್ಲಿ ಕಂಡಿದ್ದೇನೆ: ಕೂತಲ್ಲಿ ಕೂತಿರುತ್ತಿದ್ದಳು, ಬಲಗೈ ಮಾತ್ರ ತನ್ನಷ್ಟಕ್ಕೆ ಸೀರೆಯ ಸೆರಗನ್ನೋ ಹೊದಿಕೆಯ ಅಂಚನ್ನೋ ಹಿಡಿದು ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಊಟ ಮಾಡು ಎಂದರೆ ಮಾಡುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಅತ್ತರೆ ಸಾಕು ಎಂದು ನಾನು ಕಾದೆ. ಅಳಲಿಲ್ಲ. ಹೀಗೇ ಬಿಟ್ಟರೆ ಇವಳೂ ನಮ್ಮ ಕೈ ತಪ್ಪುತ್ತಾಳೆ ಅನ್ನುವ ಹೆದರಿಕೆ ನನಗೆ ಹತ್ತಿತು. ಭಾವನಿಗೂ ಹತ್ತಿತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಕಾರನ್ನು ರಿಪೇರಿ ಮಾಡಿಸಿ ಮಾರಿಬಿಡುವುದೆಂದು ಅಳಿಯ ತೀರ್ಮಾನಿಸಿದ. ನಮ್ಮ ಬೀದಿಯ ಗ್ಯಾರೇಜಿನಲ್ಲೇ ಮುಂಭಾಗ ತಟ್ಟಿಸಿದರು. ಹಿಂದಿನ ಸೀಟಿನ ಹೊಲಿಗೆ ಬಿಟ್ಟಿತ್ತು, ಗಾಜಿನ ಚೂರು ಹೊಕ್ಕಿತ್ತು. ಸೀಟಿನ ಕೆಲಸ ಏನಿದ್ದರೂ ಗ್ಯಾರೇಜಿನವನು ಕಳಿಸುವುದು ನಮ್ಮಲ್ಲಿಗೆ. ಯೋಚನೆಯಿಲ್ಲದೆ ಇದನ್ನೂ ಬಿಚ್ಚಿ ಕಳಿಸಿದ, ಮೆತ್ತೆ ಸಮೇತ. ಅದರ ಪಟ್ಟಿಗಳು ಸೀಟಿಗೆ ಕಟ್ಟಿದ ಹಾಗೇ ಇದ್ದವು.

ಬೇಡ ಭಾವ, ವಾಪಸ್ಸು ಕಳಿಸೋಣ, ಯಾರಾದರೂ ಮಾಡಿಕೊಳ್ಳಲಿ ಎಂದು ನಾನು ಅಂದೆ. ಅವರು ಸೊಪ್ಪು ಹಾಕಲಿಲ್ಲ. ನನ್ನನ್ನು ಮುಟ್ಟಗೊಡಲೂ ಇಲ್ಲ. ಮೇಜಿನ ಮೇಲೆ ಅದನ್ನಿಟ್ಟು ತಾವೇ ಕೂತರು. ಚಿಮಟದಲ್ಲಿ ಗಾಜಿನ ಚೂರು ಒಂದೊಂದಾಗಿ ಆರಿಸಿದರು. ಕೆಂಪಗೆ ಒಣಗಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮೆತ್ತೆಯ ರೆಕ್ಸಿನ್ ಮೇಲೆ ಬಿಸಿಗಾಳಿ ಊದುವ ಮೆಷಿನ್ನು ಹಿಡಿದು, ಅಂಗೈಯಿಂದ ನೀವಿ ನೀವಿ, ಏನೇನು ಗೀರು, ಗುಳಿ, ಸುಕ್ಕು ಇತ್ತೋ ಎಲ್ಲ ಎಬ್ಬಿಸಿದರು. ನಾನು ನನ್ನ ಮೆಷಿನ್ನಿನ ಮುಂದೆ ಅವರಿಗೆ ಬೆನ್ನು ಹಾಕಿ ಕೂತಿದ್ದೆ. ನೋಡುವ ಧೈರ್ಯ ನನಗಿರಲಿಲ್ಲ. ಅವರಿಗಾದರೂ ಇತ್ತು ಎಂದಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ, ತಲೆಯನ್ನು ಕೇಳದೆ ಮಾಡುತ್ತಿತ್ತು.

ಬಿಸಿಗಾಳಿಯ ಸದ್ದು ನಿಂತಿತು. ಕೆಲಸ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡುವುದು ಭಾವನ ಅಭ್ಯಾಸ. ಆ ಹೆಜ್ಜೆಗಳ ಸದ್ದೂ ಕೇಳಿತು. ಬಹಳ ಹೊತ್ತು ಏನೂ ಕೇಳದೆ ಇದ್ದಾಗ ತಿರುಗಿದೆ. ಅವರು ನೆಲದ ಮೇಲೆ, ಮೇಜಿನ ಕಾಲಿಗೆ ಒರಗಿ ಕೂತಿದ್ದರು.

"ಬೆಲ್ಟಿನ ಅಚ್ಚು ಬೆರಳಿನಷ್ಟು ಆಳ ಇತ್ತಮ್ಮ," ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು, ಗಿರಾಕಿಗೆ ಹೇಳುವಷ್ಟು ತಾಳ್ಮೆಯಿಂದ. ಮೆತ್ತೆಯ ಬದಿಯಲ್ಲಿ ಬೆಲ್ಟು ಒತ್ತಿದ ಅಚ್ಚು ಅಷ್ಟು ಆಳ ಬೀಳಬೇಕಾದರೆ ಅವಳು ಮೈಭಾರ ಹಾಕಿ ಎಳೆದಿರಬೇಕು. ಆ ಅಚ್ಚಿನಿಂದ ಮುಂದಕ್ಕೆ ಪ್ಲಾಸ್ಟಿಕ್ಕಿನ ಕಾಲುಗಳು ಜಾರಿದ ಗೀರು, ಅದರ ಮುಂದೆ ರೆಕ್ಸಿನ್ ಮುದುರಿದ ಸುಕ್ಕು. ಅಂದರೆ ಅವಳು ಬಿಗಿದೇ ಇದ್ದಳು. ಮೆತ್ತನೆಯ ಫೋಮು ದಾರಿಯುದ್ದಕ್ಕೂ ಕುಲುಕಾಟಕ್ಕೆ ಕುಗ್ಗಿತು, ಕುಗ್ಗಿದಷ್ಟೂ ಬೆಲ್ಟು ಸಡಿಲವಾಯಿತು, ಮೇಲೆ ನುಣುಪು ರೆಕ್ಸಿನ್ನು ಬೇರೆ. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಗುಳಿ ಬೀಳಲೆಂದೇ ಅಷ್ಟು ಗಟ್ಟಿಯಾಗಿ ಮಾಡಿದ್ದ ಕಾಲುಗಳಿಗೆ ಊರಲು ನಾವು ಜಾಗ ಕೊಟ್ಟಿರಲಿಲ್ಲ.

ಮೇಜಿನ ಮೇಲೆ ನೋಡಿದೆ. ಮೆತ್ತೆ ಹೊಸದರ ಹಾಗಿತ್ತು. ಅಚ್ಚಿಲ್ಲ, ಗೀರಿಲ್ಲ, ಸುಕ್ಕಿಲ್ಲ. ಅವಳ ತಪ್ಪಿಲ್ಲ ಎನ್ನಲು ಲೋಕದಲ್ಲಿ ಇದ್ದ ಸಾಕ್ಷಿ ಅದೊಂದೇ, ಅದನ್ನು ಅವಳ ಅಪ್ಪ ತಮ್ಮ ಕೈಯಾರೆ ನೀವಿ ಅಳಿಸಿದ್ದರು.

ಮರುದಿನವೇ ಭಾವ ಮಗಳ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಅಳಿಯನ ಎದುರಿಗೆ, ಅವನ ತಾಯಿಯ ಎದುರಿಗೆ ಎಲ್ಲ ಹೇಳಿದರು. ತಪ್ಪು ಮೆತ್ತೆಯದು, ಮೆತ್ತೆ ಮಾಡಿದವನದು, ಇವಳದಲ್ಲ. ಅಳಿಯ ತಲೆ ತಗ್ಗಿಸಿ ಕೇಳಿದ. ಅವನ ತಾಯಿ, ಹೆತ್ತ ಕರುಳು ಮಗಳ ಪರ ಮಾತಾಡದೆ ಇರುತ್ತದೆಯೇ ಎಂದು ಮೂಗು ಮುರಿದರು. ಅಚ್ಚು ಎಲ್ಲಿ ತೋರಿಸಿ ಎಂದೂ ಕೇಳಿದರು. ಭಾವ ಎದ್ದರು. ಮಗಳು ಬಾಗಿಲ ತನಕ ಬಂದು, ಅಪ್ಪನ ತೋಳು ಹಿಡಿದು, ಎಷ್ಟೋ ದಿನದ ಮೇಲೆ ಒಂದು ಪೂರ್ತಿ ಮಾತಾಡಿದಳು.

"ಅಪ್ಪ, ನನಗೋಸ್ಕರ ಸುಳ್ಳು ಹೇಳ್ಬೇಡ. ನನ್ನ ಪಾಪ ನಿನ್ನ ತಲೆ ಮೇಲೆ ಯಾಕೆ ಹಾಕ್ಕೊಳ್ತೀಯ?"

ವಾಪಸ್ಸು ಬರುವಾಗ, ಅಚ್ಚನ್ನು ನಾನೂ ಕಣ್ಣಾರೆ ಕಂಡೆ ಎಂದು ಹೇಳಿಬಿಡುತ್ತೇನೆ ಭಾವ, ನನ್ನ ಮಾತು ನಂಬುತ್ತಾಳೆ ಎಂದೆ. ಅವರು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರು. ಅದರಲ್ಲಿ ಒಂದು ಸುಳ್ಳು ಸೇರಿದೆ ಎಂದು ಅವಳಿಗೆ ಗೊತ್ತಾದರೆ ಉಳಿದ ನಿಜವನ್ನೂ ಬಿಸಾಕುತ್ತಾಳೆ, ಅವಳ ಕೈಗೇ ಗೊತ್ತಾಗುವ ಹಾಗೆ ಮಾಡಬೇಕು ಎಂದರು.

ಅಂಗಡಿಯಲ್ಲಿ ಮತ್ತೊಂದು ಮೆತ್ತೆ ಮಾಡಿದರು, ಅದೇ ಫೋಮು, ಅದೇ ರೆಕ್ಸಿನ್ನು. ಗಿರಾಕಿಯೊಬ್ಬರಿಂದ ಪುಟ್ಟಿಗಿದ್ದಂಥದೇ ಸೀಟು ಕೇಳಿ ತಂದರು. ನನಗೆ ಒಂದು ಚೀಲ ಹೊಲಿಯಲು ಹೇಳಿದರು, ಮರಳು ತುಂಬಲು. ಎಷ್ಟು ತೂಕದ್ದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎತ್ತಿ ಆಡಿಸಿದ ತೋಳುಗಳಿಗೆ ಗೊತ್ತಿರುತ್ತದೆ. ಮರಳು ತುಂಬಿ ಎತ್ತಿ ನೋಡಿದೆ, ಒಂದು ಹಿಡಿ ತೆಗೆದೆ, ಮತ್ತೆ ಎತ್ತಿದೆ. ಬಾಯಿ ಹೊಲಿಯುವಾಗ ಸೂಜಿ ಎಲ್ಲಿ ಹೋಗುತ್ತಿದೆಯೆಂದು ಕಣ್ಣಿಗೆ ಕಾಣಲಿಲ್ಲ. ಬೀದಿಯವರು ಅಂಗಡಿಯೊಳಗೆ ಇಣುಕಿ, ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋದರು. ಹೋಗಲಿ ಬಿಡಿ.

ಮಗಳನ್ನು ನಾನೇ ಹೋಗಿ ಕರೆತಂದೆ. ಗೋಡೆಗೆ ಬಿಗಿದ ಸೀಟು, ಅದರ ಮೇಲಿನ ಮೆತ್ತೆ, ಮಗುವಿನ ಸೀಟು, ಮರಳಿನ ಚೀಲ ನೋಡಿ ಬಾಗಿಲಲ್ಲೇ ನಿಂತಳು. ಇದೆಲ್ಲ ಯಾಕೆ ಚಿಕ್ಕಮ್ಮ ಎಂದು ಹಿಂದಕ್ಕೆ ತಿರುಗಿದವಳ ಭುಜ ಹಿಡಿದು ನಿಲ್ಲಿಸಿದೆ. ಭಾವ ದೂರದಲ್ಲೇ ನಿಂತು ಹೇಳಿದರು.

"ದಿನಾ ಹೇಗೆ ಕಟ್ತಿದ್ದೆಯೋ ಹಾಗೇ ಕಟ್ಟು. ಒಂದು ಸಲ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಮೇಲೆ ಹತ್ತಿರ ಹೋದಳು. ಬೆಲ್ಟನ್ನು ಮಗುವಿನ ಸೀಟಿನ ಹಿಂದಿನಿಂದ ತೂರಿಸಿದಳು, ಸಿಕ್ಕಿಸಿದಳು. ಎಡಮಂಡಿ ಎತ್ತಿ ಸೀಟಿನೊಳಗೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಹಲ್ಲು ಕಚ್ಚಿ ಎರಡೂ ಕೈಯಿಂದ ಎಳೆದಳು. ಎಳೆದು ನಿಲ್ಲಿಸಿ, ಮತ್ತೊಮ್ಮೆ ಎಳೆದಳು. ಆ ಎರಡನೇ ಎಳೆತ ನೋಡಿ ನನಗೆ ಗೊತ್ತಾಯಿತು. ಅಪ್ಪ ಗಟ್ಟಿಯಾಗಿ ಎಳಿ ಎಂದ ಮೇಲೆ ಅವಳು ರೂಢಿಸಿಕೊಂಡದ್ದು ಅದು. ಚೀಲವನ್ನು ಕೂರಿಸಿದ್ದು ಮಾತ್ರ ನಾನು. ಅದನ್ನು ಅವಳಿಂದ ಮಾಡಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.

ಅಲ್ಲಾಡಿಸಿ ನೋಡು ಎಂದರು ಭಾವ. ಹಿಡಿದು ಅಲ್ಲಾಡಿಸಿದಳು, ಕದಲಲಿಲ್ಲ. ಬಳಿಕ ಅವರು ಮುಂದೆ ಬಂದು, ಕಾರು ಹಳ್ಳಕೊಳ್ಳದಲ್ಲಿ ಹೋದರೆ ಹೇಗೋ ಹಾಗೆ, ಸೀಟನ್ನು ಕೈಯಿಂದ ಮೆಲ್ಲಗೆ ಕುಲುಕುತ್ತ ನಿಂತರು. ನಾವು ಕಾದೆವು. ಕೊನೆಗೆ ಸೀಟಿನ ಅಂಚು ಹಿಡಿದು ಒಂದೇ ಸಲ ಮುಂದಕ್ಕೆ ಜಗ್ಗಿದರು. ಸೀಟು ಜರ್ರನೆ ಜಾರಿ, ಮುಂದಕ್ಕೆ ವಾಲಿ, ಚೀಲದ ತಲೆ ಅವರ ಎದೆಗೆ ಬಡಿಯಿತು. ಬೆಲ್ಟು ಗೇಣುದ್ದ ಜೋತುಬಿದ್ದಿತ್ತು.

ಮೆತ್ತೆ ತೆಗೆದರು. ಮತ್ತೆ ಕಟ್ಟಲು ಹೇಳಿದರು. ಕಟ್ಟಿದಳು. ಅಷ್ಟೇ ಹೊತ್ತು ಕುಲುಕಿ ಅಷ್ಟೇ ಬಲವಾಗಿ ಜಗ್ಗಿದರು. ಸೀಟು ಊರಿದಲ್ಲೇ ಊರಿತ್ತು. ಅವಳು ಅಪ್ಪನನ್ನು ಪಕ್ಕಕ್ಕೆ ಸರಿಸಿ ತಾನೇ ಜಗ್ಗಿದಳು. ಮೆತ್ತೆ ಹಾಕಿ ನೋಡಿದಳು, ತೆಗೆದು ನೋಡಿದಳು, ಮತ್ತೆ ಹಾಕಿ ನೋಡಿದಳು. ಉಸಿರು ಕಟ್ಟುವವರೆಗೆ ಅದನ್ನೇ ಮಾಡಿದಳು. ಕೊನೆಯ ಸಲ ಮಗುವಿನ ಸೀಟನ್ನು ಎತ್ತಿ ಕೆಳಗಿಟ್ಟಾಗ ಗೋಡೆಯ ಸೀಟಿನಲ್ಲಿ ನಾಲ್ಕು ಗುಳಿಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿದಳು. ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಇವಳು ಬದುಕುತ್ತಾಳೆ ಎಂದು ನನಗೆ ಆಗ ಅನಿಸಿತು.

ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು.

"ನಾನು ಹೇಳಿದ್ದೆ," ಎಂದಳು. "ಅಲ್ಲಾಡುತ್ತೆ ಅಂತ ನಾನು ಹೇಳಿದ್ದೆ."

"ಹೇಳಿದ್ದೆ," ಅಂದರು ಭಾವ.

"ಗಟ್ಟಿಯಾಗಿ ಎಳಿ ಅಂದೆ ನೀನು."

"ಅಂದೆ."

"ತಲೆ ಎತ್ತಿ ನೋಡ್ಲೂ ಇಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಟಳು. ನಾನು ಆಟೋ ಹಿಡಿಯುವ ತನಕ ಜೊತೆಗೆ ಹೋದೆ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಆದರೆ ಅಂಗಡಿಯ ಕಡೆ ತಿರುಗಲಿಲ್ಲ. ಅಪ್ಪನ ಮನೆಗೆ ಆ ಮೇಲೆ ಅವಳು ಬಂದಿಲ್ಲ. ಫೋನು ಮಾಡಿದರೆ ನನಗೆ, ಕೇಳಿದರೆ ನನ್ನ ಗಂಡನ ಆರೋಗ್ಯ. ಅಪ್ಪ ಹೇಗಿದ್ದಾರೆ ಎಂದು ಕೇಳುವುದಿಲ್ಲ, ನಾನಾಗಿ ಹೇಳಿದರೆ ಹೂಂ ಎಂದು ಕೇಳಿಸಿಕೊಳ್ಳುತ್ತಾಳೆ. ಮಗಳು ತನ್ನನ್ನು ಎರಡು ತುಂಡು ಮಾಡಿದರೂ ಸರಿ, ಅವಳ ತಲೆಯಿಂದ ಆ ಭಾರ ಇಳಿಯಬೇಕು ಎಂದು ಹೊರಟ ಮನುಷ್ಯ ಭಾವ. ಇಳಿಯಿತು. ಇಳಿದದ್ದು ಎಲ್ಲಿಗೆ ಎಂದು ನಾನು ದಿನವೂ ಪಕ್ಕದ ಮೆಷಿನ್ನಿನಲ್ಲಿ ಕೂತು ನೋಡುತ್ತೇನೆ.

ಅಳಿಯನನ್ನೂ ಹೀಗೇ ಕರೆಸಿ ತೋರಿಸಿದರು. ಅವನೂ ತಾನೇ ಕಟ್ಟಿ, ಜಗ್ಗಿ ನೋಡಿದ. ಹೋಗುವಾಗ, ಉಳಿದವರ ಕಾರಿನಲ್ಲೂ ಇದೆಯಲ್ಲ ಮಾವ, ಅದಕ್ಕೇನು ಮಾಡುತ್ತೀರಿ ಎಂದ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ ನಾನು ಕೇಳಿಲ್ಲ. ಅವರಿಬ್ಬರೂ ಈಗಲೂ ಒಟ್ಟಿಗಿದ್ದಾರೆ.

ಆಮೇಲಿನ ತಿಂಗಳುಗಳಲ್ಲಿ ಭಾವ ಮನೆಮನೆ ಅಲೆದು ತಾವು ಮಾರಿದ ಮೆತ್ತೆಗಳನ್ನು ವಾಪಸ್ಸು ಕೇಳಿದರು. ಕೊಟ್ಟವರು ಕೊಟ್ಟರು. ಇನ್ನು ಕೆಲವರು, ಸೀಟು ಎಷ್ಟು ಕ್ಲೀನಾಗಿದೆ ನೋಡಿ ಮೇಷ್ಟ್ರೇ, ಇದನ್ನು ತೆಗೆದರೆ ಹಾಳಾಗುವುದಿಲ್ಲವೇ ಎಂದು ಅವರ ಮಾತನ್ನೇ ಅವರಿಗೆ ತಿರುಗಿ ಹೇಳಿದರು. ಒಬ್ಬ ಹೆಂಗಸಂತೂ ಎರಡು ಸಲ ಬಾಗಿಲು ಹಾಕಿಕೊಂಡಳು. ಭಾವ ಅವಳ ಕಾರಿನ ಮುಂದೆ ಬೆಳಗ್ಗೆಯಿಂದ ನಿಂತು, ಅವಳ ಬೈಗುಳ ತಿಂದು, ಮೆತ್ತೆ ಹಿಡಿದುಕೊಂಡೇ ಬಂದರು. ತಂದದ್ದನ್ನೆಲ್ಲ ಬ್ಲೇಡಿನಿಂದ ನಡುವೆ ಸೀಳಿ ಹಾಕಿದರು, ಯಾರೂ ಮತ್ತೆ ಹೊಲಿದುಕೊಳ್ಳಬಾರದೆಂದು. ನನ್ನ ಕೈಯ ಹೊಲಿಗೆ ಸೀಳುವ ಸದ್ದು ನನ್ನ ಕಿವಿ ಚುಚ್ಚುತ್ತಿತ್ತು, ಆದರೂ ಒಂದನ್ನೂ ಬಿಡಬೇಡಿ ಭಾವ ಎಂದೆ. ಈಗ ಮಗುವಿನ ಸೀಟಿನ ಅಡಿಗೆ ಏನಾದರೂ ಮಾಡಿಕೊಡಿ ಎಂದು ಬಂದವರಿಗೆ ಅವರದು ಒಂದೇ ಉತ್ತರ. ಗುಳಿ ಬೀಳಲಿ, ಮಗು ದೊಡ್ಡದಾದ ಮೇಲೆ ಬನ್ನಿ, ಎಬ್ಬಿಸಿಕೊಡುತ್ತೇನೆ. ಇಷ್ಟು ಹೇಳಿ ಮತ್ತೆ ಕೆಲಸಕ್ಕೆ ತಲೆ ತಗ್ಗಿಸುವುದಿಲ್ಲ. ಬಂದವರು ಮಾತು ಮುಗಿಸಿ ಹೋಗುವ ತನಕ ಅವರ ಮುಖವನ್ನೇ ನೋಡುತ್ತಿರುತ್ತಾರೆ. ಕೆಲವರಿಗೆ ಅದರಿಂದ ಮುಜುಗರವಾಗುತ್ತದೆ.

ವರ್ಷಗಳಾದವು. ಈಚೆಗೆ ಒಂದು ಬೆಳಗ್ಗೆ ಅಂಗಡಿಯ ಮುಂದೆ ಕಾರೊಂದು ನಿಂತಿತು. ಓಡಿಸುತ್ತಿದ್ದವಳು ನಮ್ಮ ಹುಡುಗಿ. ಹಿಂದೆ, ಮಗುವಿನ ಸೀಟಿನಲ್ಲಿ, ಹುಟ್ಟಿ ಇನ್ನೂ ವರ್ಷವಾಗದ ಅವಳ ಮಗ. ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ನನಗೆ ಗೊತ್ತಿತ್ತು, ನನ್ನಿಂದ ಭಾವನಿಗೆ ಗೊತ್ತಿತ್ತು. ನಾನು ಓಡಿದೆ. ಅವಳು ಕೆಳಗಿಳಿಯಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು, ಎದುರಿಗೆ ನೋಡುತ್ತಲೇ ಹೇಳಿದಳು.

"ಸೀಟು ಸರಿಯಾಗಿ ಕೂತಿದೆಯಾ ನೋಡೋಕೆ ಹೇಳಿ ಚಿಕ್ಕಮ್ಮ."

ಯಾರಿಗೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಭಾವ ಆಗಲೇ ಬಾಗಿಲಲ್ಲಿ ನಿಂತು ಕೈಯ ಅಂಟು ಒರೆಸಿಕೊಳ್ಳುತ್ತಿದ್ದರು. ಬಂದು ಹಿಂದಿನ ಬಾಗಿಲು ತೆರೆದರು. ಸೀಟಿನ ಅಡಿಗೆ ಬಟ್ಟೆಯೂ ಇರಲಿಲ್ಲ. ಪ್ಲಾಸ್ಟಿಕ್ಕಿನ ಕಾಲುಗಳು ತಿಳಿಬಣ್ಣದ ಸೀಟಿನಲ್ಲಿ ಹೂತು ನಿಂತಿದ್ದವು, ಅಂಚಿನ ಹೊಲಿಗೆ ಎಳೆದಿತ್ತು, ಸುತ್ತ ಸುಕ್ಕೋ ಸುಕ್ಕು. ಅವರು ಬೆಲ್ಟನ್ನು ತುದಿಯಿಂದ ತುದಿಗೆ ಬೆರಳಲ್ಲಿ ಹಿಡಿದು ನೋಡಿದರು, ಕೊಂಡಿ ಅದುಮಿದರು, ಸೀಟಿನ ಬುಡ ಹಿಡಿದು ಕುಲುಕಿದರು, ಬಹಳ ಹೊತ್ತು ಕುಲುಕಿದರು, ಒಮ್ಮೆ ಜಗ್ಗಿದರು. ಬಾಗಿಲು ಹಾಕಿ ನನ್ನ ಕಡೆ ತಿರುಗಿದರು. ಅವಳು ಒಂದು ಮೊಳ ದೂರದಲ್ಲಿ ಕೂತಿದ್ದಳು, ಕಿಟಕಿ ತೆರೆದೇ ಇತ್ತು.

"ಗಟ್ಟಿಯಾಗಿದೆ ಅಂತ ಹೇಳಮ್ಮ," ಅಂದರು.

ಗಟ್ಟಿಯಾಗಿದೆಯಂತೆ ಎಂದು ನಾನು ಹೇಳಿದೆ. ಅವಳು ತಲೆಯಾಡಿಸಿದಳು, ಕಾರು ಹೊರಟಿತು. ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ನಿಂತಿದ್ದೆವು. ಬಂದಳಲ್ಲ, ಅಷ್ಟಾದರೂ ಆಯಿತಲ್ಲ ಎಂದು ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಮಗು ಯಾರ ಹಾಗಿದೆ ಭಾವ, ನನಗೆ ಆ ಕಡೆಯಿಂದ ಸರಿಯಾಗಿ ಕಾಣಲಿಲ್ಲ, ಎಚ್ಚರ ಇತ್ತೇ ಎಂದು ಕೇಳಿದೆ.

"ನೋಡ್ಲಿಲ್ಲಮ್ಮ," ಅಂದರು. "ಬೆಲ್ಟು ನೋಡ್ತಿದ್ದೆ."